ಚಿಕ್ಕ ಉಪ್ಪುನೀರಿನ ಟ್ಯಾಂಕ್‌ನಲ್ಲಿ ಮೀನು ಸಾಕಬಹುದಾ? ಕೊಳ್ಳುವ ಮೊದಲು ಇದನ್ನು ಓದಿ

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಟ್ಯಾಂಕ್‌ನಲ್ಲಿ ನಿಜವಾಗಿ ನಿಲ್ಲುವ ನೀರು 40 ಲೀಟರಿಗಿಂತ ಕಡಿಮೆ ಇದ್ದರೆ ಅದರಲ್ಲಿ ಕಡಲಿನ ಮೀನು ಬೇಡ. ಒಂದು ಮೀನೂ ಬೇಡ. 40ರಿಂದ 50 ಲೀಟರ್ ಇದ್ದರೆ ಒಂದೇ ಒಂದು ಪುಟ್ಟ ಗೋಬಿ, ಅಂದರೆ ಕಲ್ಲು, ಬಿಲ ಹಿಡಿದು ಕೂರುವ ಸಣ್ಣ ಕಡಲ ಮೀನು. 100 ಲೀಟರ್ ಇದ್ದರೆ ಒಂದು ಜೋಡಿ ಕ್ಲೌನ್ ಫಿಶ್, ಜೊತೆಗೆ ಒಂದು ಗೋಬಿ. ಅಷ್ಟೇ. ಮೇಜಿನ ಮೇಲಿಡುವ 15 ಲೀಟರಿನ ಡಬ್ಬದ ಮೇಲೆ ಕಿತ್ತಳೆ ಮೀನಿನ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದು ಆ ಮೀನಿನ ಮನೆಯಲ್ಲ.

ನಾನು ಬೆಂಗಳೂರಿನಲ್ಲಿ ಬೇರೆಯವರ ಮನೆ, ಕ್ಲಿನಿಕ್, ಆಫೀಸುಗಳ ಉಪ್ಪುನೀರಿನ ಟ್ಯಾಂಕ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಊರು ಕುಂದಾಪುರದ ಹತ್ತಿರ, ಕಡಲು ನೋಡಿಕೊಂಡೇ ಬೆಳೆದವಳು. ನನ್ನನ್ನು ಕರೆಯುವವರಲ್ಲಿ ಜಾಸ್ತಿ ಜನ ಟ್ಯಾಂಕ್ ಕೊಂಡಾದ ಮೇಲೆ ಕರೆಯುತ್ತಾರೆ. ಮೀನು ಮೂಲೆ ಹಿಡಿದು ನಿಂತಿರುತ್ತದೆ, "ಏನಾದರೂ ಔಷಧಿ ಇದೆಯಾ ಮೇಡಂ" ಅಂತ ಕೇಳುತ್ತಾರೆ. ಎಷ್ಟೋ ಸಲ ಕಾಯಿಲೆ ಮೀನಿನದ್ದಲ್ಲ, ಟ್ಯಾಂಕಿನ ಅಳತೆಯದ್ದು. ಅದಕ್ಕೆ ಔಷಧಿ ಇಲ್ಲ. ಅದಕ್ಕೇ ಮೀನು ಮನೆಗೆ ಬರುವ ಮೊದಲೇ ನಿರ್ಧಾರ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕ ಟ್ಯಾಂಕ್ ಯಾಕೆ ಕಷ್ಟ

ಜಾಗ ಕಮ್ಮಿ ಅನ್ನುವುದು ಎರಡನೇ ತೊಂದರೆ. ಮೊದಲನೆಯದು, ನೀರು ಬೇಗ ಬೇಗ ಬದಲಾಗುತ್ತದೆ.

ಹವಳದ ದಿಬ್ಬಗಳ ಸುತ್ತಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ. ಅಲ್ಲಿನ ಮೀನಿನ ಮೈ ಅದಕ್ಕೇ ಒಗ್ಗಿದೆ. ಟ್ಯಾಂಕ್‌ನಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಮಾರ್ಚ್ ತಿಂಗಳ ಒಣ ಹವೆಯಲ್ಲಿ, ಮೇಲೆ ಫ್ಯಾನ್ ಬೇರೆ ಇದ್ದರೆ, ಚಿಕ್ಕ ಟ್ಯಾಂಕ್ ದಿನಕ್ಕೆ ಒಂದು ಲೀಟರ್ ಕಳೆದುಕೊಳ್ಳಬಹುದು. 45 ಲೀಟರಿನಲ್ಲಿ 3 ಲೀಟರ್ ಹೋದರೆ ಉಪ್ಪು 35ರಿಂದ 37.5ಕ್ಕೆ ಏರುತ್ತದೆ. 300 ಲೀಟರಿನಲ್ಲಿ ಅದೇ 3 ಲೀಟರ್ ಹೋದರೆ 35.4 ಕೂಡ ದಾಟುವುದಿಲ್ಲ. ಹಂಡೆ ತುಂಬ ಸಾರಿಗೆ ಒಂದು ಚಮಚ ಉಪ್ಪು ಜಾಸ್ತಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಚಿಕ್ಕ ಪಾತ್ರೆಯದಾದರೆ ಬಾಯಿಗಿಡಲು ಆಗುವುದಿಲ್ಲ, ಅಲ್ವಾ.

ಬಿಸಿಯ ಕತೆಯೂ ಹಾಗೇ. ಕಡಲಿನ ಮೀನಿಗೆ 25ರಿಂದ 27 ಡಿಗ್ರಿ ಒಳ್ಳೆಯದು. ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನ 34-35 ಡಿಗ್ರಿ ತಲುಪುತ್ತದೆ. ಮೇಲಿನ ಮಹಡಿಯ ಫ್ಲ್ಯಾಟ್‌ನಲ್ಲಿ ಪಂಪಿನ ಬಿಸಿ, ಲೈಟಿನ ಬಿಸಿ ಸೇರಿ ಚಿಕ್ಕ ಟ್ಯಾಂಕ್ 31 ಮುಟ್ಟಲು ಒಂದು ಮಧ್ಯಾಹ್ನ ಸಾಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಉಪ್ಪುನೀರಿನಲ್ಲಿ ಮೊದಲೇ ಕಡಿಮೆ: 25 ಡಿಗ್ರಿಯಲ್ಲಿ ಸಿಹಿನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂಗಿಂತ ಜಾಸ್ತಿ ಕರಗಿರಬಲ್ಲದು, ಕಡಲ ನೀರಿನಲ್ಲಿ 7ಕ್ಕಿಂತ ಕಡಿಮೆ. ಡಿಸೆಂಬರ್ ರಾತ್ರಿ 15-16 ಡಿಗ್ರಿಗೆ ಇಳಿಯುವಾಗ ಇದೇ ಟ್ಯಾಂಕಿಗೆ ಹೀಟರ್ ಬೇಕು.

ಮೂರನೆಯದು ಅಮೋನಿಯಾ. ಮೀನಿನ ಉಸಿರಾಟ, ಮಲ, ಉಳಿದ ಆಹಾರ ಎಲ್ಲದರಿಂದಲೂ ಅದು ಹುಟ್ಟುತ್ತದೆ. ಕಡಲ ನೀರಿನ ಪಿಎಚ್ 8.1ರಿಂದ 8.4. ಪಿಎಚ್ ಜಾಸ್ತಿಯಾದಷ್ಟೂ ಅಮೋನಿಯಾದ ವಿಷವೂ ಜಾಸ್ತಿ. ಗಪ್ಪಿ, ಗೋಲ್ಡ್ ಫಿಶ್ ತಡೆದುಕೊಳ್ಳುವ ಮಟ್ಟದ ಅಮೋನಿಯಾ ಇಲ್ಲಿ ಕಿವಿರು ಸುಡುತ್ತದೆ. "ನಾನು ಹತ್ತು ವರ್ಷ ಮೀನು ಸಾಕಿದ್ದೇನೆ" ಅನ್ನುವವರಿಗೂ ಇದೊಂದನ್ನು ಒತ್ತಿ ಹೇಳುತ್ತೇನೆ.

ಅಳತೆ ಮೊದಲು, ಮೀನು ಆಮೇಲೆ

ನಮ್ಮಲ್ಲಿ ಟ್ಯಾಂಕ್ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಘನ ಅಡಿಗೆ 28 ಲೀಟರ್ ಅಂತ ಲೆಕ್ಕ ಹಾಕಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ ಅಂದರೆ 56 ಲೀಟರ್. ಕಲ್ಲು, ಮರಳು, ಮೇಲೆ ಬಿಡುವ ಖಾಲಿ ಜಾಗ ಇವಕ್ಕೆ ಐದನೇ ಒಂದು ಭಾಗ ಕಳೆಯಿರಿ. ಉಳಿಯುವುದು 45. ಇದು ಒಂದು ಗೋಬಿಯ ಟ್ಯಾಂಕ್. 2 x 1.5 x 1.5 ಅಡಿ ತೆಗೆದುಕೊಂಡರೆ 127 ಲೀಟರ್, ಕಳೆದು ಉಳಿಯುವುದು 100. ನಾನು ಹೊಸಬರಿಗೆ ಇದಕ್ಕಿಂತ ಚಿಕ್ಕದು ಬೇಡ ಅನ್ನುತ್ತೇನೆ. ನೆಲದ ಮೇಲೆ ಆಕ್ರಮಿಸುವ ಜಾಗ ಅರ್ಧ ಅಡಿ ಮಾತ್ರ ಜಾಸ್ತಿ, ನೀರು ಎರಡು ಪಟ್ಟಿಗಿಂತ ಜಾಸ್ತಿ. ಗಾಜು, ಕಲ್ಲು ಎಲ್ಲ ಸೇರಿ ತೂಕ 170 ಕೆ.ಜಿ. ಹತ್ತಿರ ಬರುತ್ತದೆ, ಹಾಗಾಗಿ ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ.

ಎತ್ತರದ ಕಂಬದಂಥ ಟ್ಯಾಂಕ್ ನೋಡಲು ಚಂದ. ಮೀನಿಗೆ ಬೇಕಾದ್ದು ಉದ್ದ ಮತ್ತು ಅಗಲ. ಗಾಳಿ ಸೇರುವುದೂ ನೀರಿನ ಮೇಲ್ಮೈಯಿಂದ.

ಯಾವ ಮೀನಿಗೆ ಇದು ಮನೆಯಾಗುತ್ತದೆ

ನನ್ನ ಅಳತೆಗೋಲು ಒಂದೇ. ಈ ಮೀನು ಕಡಲಲ್ಲಿ ದಿನ ಕಳೆಯುವುದು ಎಷ್ಟು ಜಾಗದಲ್ಲಿ? ಅಂಗಡಿಯಲ್ಲಿ ಅದು ಎಷ್ಟು ಉದ್ದ ಇದೆ ಅನ್ನುವುದು ಮುಖ್ಯವಲ್ಲ. ಕೆಲವು ಮೀನು ಹುಟ್ಟಾ ಅಲೆಮಾರಿಗಳು. ಕೆಲವು ಒಂದು ಬಿಲ, ಒಂದು ಕಲ್ಲಿನ ಸಂದು ಹಿಡಿದು ಅಲ್ಲೇ ಬಾಳುತ್ತವೆ. ಎರಡನೆಯ ಜಾತಿಯವು ಮಾತ್ರ ನಮಗೆ.

ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ವಾಚ್‌ಮನ್ ಗೋಬಿ. ಹಳದಿ ಬಣ್ಣದ್ದು ಹತ್ತು ಸೆಂಟಿಮೀಟರಿಗೆ ಬೆಳೆಯುತ್ತದೆ. ಇದರ ಜೊತೆ ಪಿಸ್ತೂಲ್ ಸಿಗಡಿ ಅನ್ನುವ ಪುಟ್ಟ ಸಿಗಡಿಯನ್ನು ಬಿಡಬೇಕು. ಸಿಗಡಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಆದರೆ ಅಗೆಯುವುದರಲ್ಲಿ ಗಟ್ಟಿಗ. ಮರಳು, ಕಲ್ಲುಚೂರು ಎಲ್ಲ ಹೊತ್ತು ಹೊರಗೆ ಹಾಕುತ್ತದೆ. ಗೋಬಿ ಬಿಲದ ಬಾಯಲ್ಲಿ ಕಾವಲು ಕೂರುತ್ತದೆ. ಸಿಗಡಿ ಹೊರಬಂದಾಗಲೆಲ್ಲ ತನ್ನ ಉದ್ದ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಏನಾದರೂ ಅಪಾಯ ಕಂಡರೆ ಗೋಬಿ ಬಾಲ ನಡುಗಿಸುತ್ತದೆ, ಸಿಗಡಿ ಒಳಗೆ. ಇನ್ನೂ ಹತ್ತಿರ ಬಂದರೆ ಗೋಬಿಯೂ ಒಳಗೆ. ಕಡಲಲ್ಲೂ ಇವುಗಳ ಸಂಸಾರ ಹೀಗೇ, ಒಂದು ಬಿಲದ ಸುತ್ತಮುತ್ತ. 100 ಲೀಟರಿನ ಟ್ಯಾಂಕ್‌ನಲ್ಲಿ ನೀವು ನೋಡುವುದು ಕಡಲಲ್ಲಿ ನಡೆಯುವುದೇ, ಏನೂ ಕತ್ತರಿಸಿ ಹೋಗಿಲ್ಲ. ಅದಕ್ಕೇ ಈ ಜೋಡಿಗೆ ಚಿಕ್ಕ ಟ್ಯಾಂಕ್ ಸರಿ ಅಂತ ಧೈರ್ಯವಾಗಿ ಹೇಳುತ್ತೇನೆ. ಮರಳು ಎರಡು ಮೂರು ಇಂಚು ಇರಲಿ, ಕಲ್ಲುಗಳನ್ನು ಮರಳಿನ ಮೇಲಲ್ಲ, ನೇರ ಟ್ಯಾಂಕಿನ ತಳದ ಮೇಲೆ ಕೂರಿಸಿ. ಇಲ್ಲದಿದ್ದರೆ ಸಿಗಡಿ ಅಡಿಯಲ್ಲಿ ಅಗೆದು ಕಲ್ಲು ಕುಸಿಯುತ್ತದೆ.

ಕ್ಲೌನ್ ಫಿಶ್ ಕೂಡ ಈ ಜಾತಿಯದೇ. ಕಡಲಲ್ಲಿ ತನ್ನ ಅನಿಮೋನ್ (ಹೂವಿನಂತೆ ಕಾಣುವ, ಕುಟುಕುವ ಕಡಲ ಪ್ರಾಣಿ, ಅದೇ ಇದರ ಮನೆ) ಬಿಟ್ಟು ಕೆಲವು ಮೀಟರ್ ದೂರ ಹೋಗುವುದೇ ಅಪರೂಪ. ಟ್ಯಾಂಕ್‌ನಲ್ಲಿ ಅನಿಮೋನ್ ಬೇಕಾಗಿಲ್ಲ. ಚಿಕ್ಕ ಟ್ಯಾಂಕಿಗೆ ತರಲೂಬೇಡಿ, ಅದು ನಡೆದಾಡಿ ಪಂಪಿಗೆ ಸಿಕ್ಕಿ ಸತ್ತರೆ ಒಂದೇ ರಾತ್ರಿಯಲ್ಲಿ ನೀರು ಕೆಡುತ್ತದೆ. ಕ್ಲೌನ್‌ಗಳು ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹಾಗಾಗಿ ಒಂದು ದೊಡ್ಡದು, ಒಂದು ಚಿಕ್ಕದು ಎರಡು ಮರಿ ತನ್ನಿ, ಜೋಡಿ ತಾನಾಗಿ ಆಗುತ್ತದೆ. ಮೂರು ತರಬೇಡಿ. ಮೂರನೆಯದನ್ನು ಉಳಿದೆರಡು ಅಟ್ಟಿಸಿಕೊಂಡು ಹೋಗುತ್ತವೆ, ಎರಡಡಿ ಟ್ಯಾಂಕ್‌ನಲ್ಲಿ ಅದು ಓಡುವುದಾದರೂ ಎಲ್ಲಿಗೆ? ಇನ್ನೊಂದು ಮಾತು. ಚೆನ್ನಾಗಿ ಸಾಕಿದ ಕ್ಲೌನ್ 20 ವರ್ಷ ದಾಟಿ ಬದುಕಿದ ಉದಾಹರಣೆಗಳಿವೆ. ಎಂಟು ತಿಂಗಳು ಬದುಕಿಸಿದ್ದನ್ನು "ಚೆನ್ನಾಗಿತ್ತು" ಅಂತ ನಾನು ಒಪ್ಪುವುದಿಲ್ಲ.

ಕ್ಲೌನ್‌ಗಳನ್ನು ಸಾಕಣೆಯಲ್ಲಿ ಹುಟ್ಟಿಸಿದ್ದನ್ನೇ ಕೇಳಿ ತೆಗೆದುಕೊಳ್ಳಿ. ನಮ್ಮ ದೇಶದಲ್ಲೇ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಇವುಗಳನ್ನು ಮೊಟ್ಟೆಯಿಂದ ಬೆಳೆಸುವುದನ್ನು ಸಾಧಿಸಿ ತೋರಿಸಿದ್ದಾರೆ. ಹೀಗೆ ಹುಟ್ಟಿದ ಮರಿಗೆ ಗುಳಿಗೆ ಆಹಾರ ಗೊತ್ತು, ಗಾಜು ಗೊತ್ತು. ಕಡಲಿಂದ ಹಿಡಿದು ತಂದದ್ದು ದಿನಗಟ್ಟಲೆ ಉಪವಾಸ ಕೂರಬಹುದು. ಫಿಲಿಪೀನ್ಸ್, ಇಂಡೋನೇಷ್ಯಾ ಕಡೆ ಮೀನಿಗೆ ಸೈನೈಡ್ ಚಿಮ್ಮಿಸಿ ಮಂಕು ಮಾಡಿ ಹಿಡಿಯುವ ಪದ್ಧತಿ ಪೂರ್ತಿ ನಿಂತಿಲ್ಲ. ಅಂಥ ಮೀನು ಅಂಗಡಿಯಲ್ಲಿ ಲವಲವಿಕೆಯಿಂದಿದ್ದು ಮನೆಯಲ್ಲಿ ಸಾಯುತ್ತದೆ.

45 ಲೀಟರಿನವರಿಗೆ ನಿಯಾನ್ ಗೋಬಿ ಅಥವಾ ಹಳದಿ ಕ್ಲೌನ್ ಗೋಬಿ. ಎರಡರಲ್ಲಿ ಒಂದು, ಒಂದೇ. ಬೆರಳಿನಷ್ಟೂ ಇರುವುದಿಲ್ಲ, ಕಲ್ಲಿನ ಮೇಲೆ ಕೂತು ನಿಮ್ಮನ್ನೇ ನೋಡುತ್ತದೆ. ಫೈರ್ ಫಿಶ್ 100 ಲೀಟರಿನಲ್ಲಿ ಇರಬಲ್ಲದು, ಆದರೆ ಹೆದರಿದರೆ ಹೊರಗೆ ಹಾರುತ್ತದೆ. ಮೇಲೆ ಸಣ್ಣ ಕಣ್ಣಿನ ಜಾಲರಿ ಮುಚ್ಚಳ ಇಲ್ಲದೆ ತರಬೇಡಿ.

40 ಲೀಟರಿಗಿಂತ ಚಿಕ್ಕದು ಈಗಾಗಲೇ ಮನೆಗೆ ಬಂದುಬಿಟ್ಟಿದ್ದರೆ ಬೇಜಾರಾಗಬೇಡಿ. ಅದರಲ್ಲಿ ಒಂದು ಸಿಗಡಿ, ಎರಡು ಸನ್ಯಾಸಿ ಏಡಿ, ನಾಲ್ಕು ಬಸವನಹುಳು ಇಟ್ಟು ನೋಡಿ. ಸನ್ಯಾಸಿ ಏಡಿ ಹೊಸ ಚಿಪ್ಪು ಪರೀಕ್ಷಿಸುವುದನ್ನು ಮಕ್ಕಳು ಗಂಟೆಗಟ್ಟಲೆ ನೋಡುತ್ತಾರೆ. ಖಾಲಿ ಚಿಪ್ಪು ನಾಲ್ಕೈದು ಜಾಸ್ತಿ ಹಾಕಿಡಿ.

ಇವುಗಳನ್ನು ತರಲೇಬೇಡಿ

ಬ್ಲೂ ಟ್ಯಾಂಗ್. ಅಂಗಡಿಯಲ್ಲಿ ಮೂರು ಸೆಂಟಿಮೀಟರ್, ಬೆಳೆದರೆ 30. ದಿನವಿಡೀ ಈಜುವ ಮೀನು. "ಬೆಳೆದಾಗ ನೋಡೋಣ" ಅನ್ನುವವರು ಮುಂದೆ ದೊಡ್ಡ ಟ್ಯಾಂಕ್ ಕೊಂಡದ್ದನ್ನು ನಾನು ಕಂಡಿದ್ದು ತೀರಾ ಅಪರೂಪ.

ಮ್ಯಾಂಡರಿನ್ ಚಿಕ್ಕದೇ, ಸೌಮ್ಯವೇ. ಆದರೆ ಅದು ತಿನ್ನುವುದು ಕಲ್ಲಿನ ಮೇಲೆ ಹರಿದಾಡುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು, ಬೆಳಗಿನಿಂದ ಸಂಜೆವರೆಗೆ. ಚಿಕ್ಕ ಟ್ಯಾಂಕ್‌ನಲ್ಲಿ ಅವು ಕೆಲವೇ ವಾರಗಳಲ್ಲಿ ಮುಗಿಯುತ್ತವೆ. ಆಮೇಲೆ ಮೀನು ನಿಧಾನವಾಗಿ ಸೊರಗುತ್ತದೆ. ಕ್ಲೀನರ್ ರ‍್ಯಾಸ್ ಎಂಬ ನೀಲಿ ಪಟ್ಟೆಯ ಮೀನಿನದೂ ಇದೇ ಪಾಡು. ಬೇರೆ ಮೀನುಗಳ ಮೈಯ ಹುಳ ತಿಂದು ಬದುಕುವ ಅದಕ್ಕೆ ಎರಡು ಮೀನಿನ ಟ್ಯಾಂಕ್‌ನಲ್ಲಿ ಊಟ ಎಲ್ಲಿಂದ ಬರಬೇಕು?

ಚಿಟ್ಟೆಮೀನುಗಳಲ್ಲಿ ಎಷ್ಟೋ ಜಾತಿಗಳು ಹವಳವನ್ನೇ ತಿನ್ನುವಂಥವು. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ನೀರಿಗಿಳಿದವರು ಇವು ಜೋಡಿಯಾಗಿ ಬಂಡೆಯಿಂದ ಬಂಡೆಗೆ ಅಲೆಯುವುದನ್ನು ನೋಡಿರುತ್ತಾರೆ. ಆ ಮೀನನ್ನು ನೋಡಬೇಕು ಅನ್ನಿಸಿದರೆ ಅಲ್ಲಿಗೇ ಹೋಗಿ ನೋಡುವುದು ಸರಿ.

ಡ್ಯಾಮ್ಸೆಲ್ ಅಗ್ಗ, ಗಟ್ಟಿ. ಅದಕ್ಕೇ ಅಂಗಡಿಯವರು ಮೊದಲು ಅದನ್ನೇ ಕೊಡುತ್ತಾರೆ. ಚಿಕ್ಕ ಟ್ಯಾಂಕನ್ನು ಇಡಿಯಾಗಿ ತನ್ನದು ಅಂದುಕೊಳ್ಳುತ್ತದೆ, ನಂತರ ಬಂದವರನ್ನು ಬದುಕಲು ಬಿಡುವುದಿಲ್ಲ. ಹಿಡಿಯಬೇಕಾದರೆ ಕಲ್ಲೆಲ್ಲ ಹೊರಗೆ ತೆಗೆಯಬೇಕು.

ಕಡಲಕುದುರೆ ಮತ್ತು ಹವಳದ ಮಾತು ಬೇರೆ. ಇವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಡಲಿನಿಂದ ಕಿತ್ತು ತಂದ "ಲೈವ್ ರಾಕ್" ಅಂದರೆ ಅದೂ ಹವಳದ ಕಲ್ಲೇ. ಬೀಚಿನಲ್ಲಿ ಸಿಕ್ಕ ಹವಳದ ಸತ್ತ ತುಂಡನ್ನೂ ತರಬೇಡಿ. ಸೆರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಕೃತಕ ಕಲ್ಲು ಸಿಗುತ್ತದೆ. ಬ್ಯಾಕ್ಟೀರಿಯಾಗೆ ಅದರ ಸಣ್ಣ ಸಣ್ಣ ರಂಧ್ರಗಳೇ ಸಾಕು.

ನೀರು

ಊರಿಂದ ಬರುವಾಗ ಕ್ಯಾನ್‌ನಲ್ಲಿ ಕಡಲ ನೀರು ತರಲಾ ಅಂತ ನಮ್ಮ ಕಡೆಯವರು ಕೇಳುತ್ತಾರೆ. ಬೇಡ. ಮಳೆಗಾಲದಲ್ಲಿ ಗಂಗೊಳ್ಳಿಯ ಹತ್ತಿರ ಪಂಚಗಂಗಾವಳಿ ಹೊಳೆಗಳು ಕಡಲು ಸೇರುವ ಕಡೆ ನೀರು ಬಾಯಿಗೆ ಹಾಕಿದರೆ ಉಪ್ಪೇ ಇರುವುದಿಲ್ಲ. ದಡದ ನೀರಿನಲ್ಲಿ ದೋಣಿಯ ಎಣ್ಣೆ, ಊರಿನ ಕೊಳೆ ಎಲ್ಲ ಇರುತ್ತದೆ.

ಅಕ್ವೇರಿಯಂಗೆಂದೇ ಮಾಡಿದ ಸಾಗರ ಉಪ್ಪು ತನ್ನಿ. ಅಡುಗೆ ಉಪ್ಪಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. 40 ಲೀಟರಿಗೆ ಸುಮಾರು ಒಂದೂವರೆ ಕೆ.ಜಿ. ಬೇಕು. ಬಕೆಟ್‌ನಲ್ಲಿ ಪಂಪ್ ಇಟ್ಟು ಒಂದು ದಿನ ತಿರುಗಿಸಿ. ಬೋರ್‌ವೆಲ್ ನೀರು ಬಳಸಬೇಡಿ. ಮನೆಯ ಕುಡಿಯುವ ಆರ್‌ಓ ಕೂಡ ಹಾಗೇ ಆಗುವುದಿಲ್ಲ, ರುಚಿಗಾಗಿ ಅದರಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 50-100 ಉಳಿಸಿರುತ್ತಾರೆ. ಹೊರಬರುವ ನೀರಿಗೆ ಉಳಿದ ಲವಣವನ್ನೂ ತೆಗೆಯುವ ಒಂದು ಡಿಐ ಫಿಲ್ಟರ್ ಸೇರಿಸಿ, ಟಿಡಿಎಸ್ ಸೊನ್ನೆ ಬರಬೇಕು. ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ಕೊಳ್ಳಿ, ಉಪ್ಪು 35 ಇರುವ ಪರೀಕ್ಷಾ ದ್ರಾವಣ ಹಾಕಿ ಅದನ್ನು ಸರಿಪಡಿಸಿಕೊಳ್ಳಿ. ಸಾಂದ್ರತೆ 1.025ರಿಂದ 1.026 ತೋರಿಸಬೇಕು. ತೇಲುವ ಪ್ಲಾಸ್ಟಿಕ್ ಮೀಟರನ್ನು ನಾನು ನಂಬುವುದಿಲ್ಲ.

ನೀರು, ಮರಳು, ಕಲ್ಲು, ಪಂಪ್ ಆದ ಮೇಲೆ ಮೀನಿಲ್ಲದೆ ಕಾಯಬೇಕು. ನಾಲ್ಕರಿಂದ ಆರು ವಾರ. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂಗೆ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ತನ್ನಿ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಹಾಕಿದ 2 ಪಿಪಿಎಂ ಒಂದೇ ದಿನದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಟ್ಯಾಂಕ್ ತಯಾರು. ಈ ಕೆಲಸಕ್ಕೆ ಡ್ಯಾಮ್ಸೆಲ್ ಬಿಡಿ ಅಂತ ಈಗಲೂ ಹೇಳಿಕೊಡುತ್ತಾರೆ. ಜೀವ ಇರುವ ಮೀನನ್ನು ವಾರಗಟ್ಟಲೆ ವಿಷದಲ್ಲಿ ಇಡುವುದು ತಪ್ಪು. ನಡುವೆ ಗಾಜು, ಮರಳಿನ ಮೇಲೆಲ್ಲ ಕಂದು ಪಾಚಿ ಬರುತ್ತದೆ. ಸುಮ್ನೆ ಬಿಡಿ, ತಾನಾಗಿ ಹೋಗುತ್ತದೆ.

ಮೀನು ತರುವ ದಿನ

ಅಂಗಡಿಯಲ್ಲಿ ನಿಮ್ಮ ಎದುರಿಗೇ ಆಹಾರ ಹಾಕಿಸಿ. ತಿನ್ನದ ಮೀನು ಕೊಳ್ಳಬೇಡಿ. ಹೊಟ್ಟೆ ಒಳಗೆ ಹೋಗಿದ್ದರೆ, ಕಿವಿರು ಬೇಗ ಬೇಗ ಆಡುತ್ತಿದ್ದರೆ ಬಿಟ್ಟು ಬನ್ನಿ. ಅಂಗಡಿಯ ನೀರಿನ ಉಪ್ಪು ಎಷ್ಟು ಅಂತ ಕೇಳಿ. ಹುಳದ ಕಾಟ ತಡೆಯಲು ಎಷ್ಟೋ ಕಡೆ 1.020ರ ಆಸುಪಾಸು ಇಟ್ಟಿರುತ್ತಾರೆ. ಅಲ್ಲಿಂದ ನೇರ 1.026ಕ್ಕೆ ಹಾಕಿದರೆ ಮೀನು ತಡೆಯುವುದಿಲ್ಲ.

ಅದಕ್ಕೂ ಸೇರಿಸಿ, ಮೀನು ಮೊದಲು ಬೇರೆ ಟಬ್‌ಗೆ ಹೋಗಬೇಕು. 30 ಲೀಟರಿನ ಪ್ಲಾಸ್ಟಿಕ್ ಟಬ್, ಮುಖ್ಯ ಟ್ಯಾಂಕ್‌ನಲ್ಲಿ ಕೆಲವು ವಾರ ಇಟ್ಟಿದ್ದ ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು. ಅಂಗಡಿಯ ಉಪ್ಪಿನ ಮಟ್ಟದಲ್ಲೇ ಶುರು ಮಾಡಿ, ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ನಾಲ್ಕು ವಾರ ಇಟ್ಟು ನೋಡಿ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬಂದರೆ ಔಷಧಿ ಅಲ್ಲೇ ಆಗಬೇಕು. ತಾಮ್ರದ ಔಷಧಿ ಮುಖ್ಯ ಟ್ಯಾಂಕಿಗೆ ಬಿದ್ದರೆ ಸಿಗಡಿ, ಬಸವನಹುಳು ಎಲ್ಲ ಸಾಯುತ್ತವೆ.

ದಿನದ ಕೆಲಸ

ಗಾಜಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಬೆಳಿಗ್ಗೆ ನೀರು ಗೆರೆಗಿಂತ ಕೆಳಗಿದ್ದರೆ ಡಿಐ ಫಿಲ್ಟರ್ ದಾಟಿದ ಸಿಹಿ ಆರ್‌ಓ ನೀರು ಹಾಕಿ ಗೆರೆಗೆ ತನ್ನಿ. ಉಪ್ಪುನೀರು ಹಾಕಬೇಡಿ, ಉಪ್ಪು ಒಳಗೇ ಇದೆ. ಪ್ರಯಾಣ ಜಾಸ್ತಿ ಮಾಡುವವರು ತಾನಾಗಿ ನೀರು ತುಂಬುವ ಸೆನ್ಸರ್ ಹಾಕಿಸಿಕೊಳ್ಳಿ. ವಾರಕ್ಕೊಮ್ಮೆ 10ರಲ್ಲಿ 1 ಭಾಗ ನೀರು ಬದಲಿಸಿ, ಹೊಸ ನೀರಿನ ಉಪ್ಪು ಮತ್ತು ಬಿಸಿ ಎರಡೂ ಟ್ಯಾಂಕಿನಷ್ಟೇ ಇರಲಿ. ಆಹಾರ ದಿನಕ್ಕೆ ಎರಡು ಸಲ, ಅರ್ಧ ನಿಮಿಷದಲ್ಲಿ ಮುಗಿಯುವಷ್ಟು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋಗಬೇಡಿ, ಪ್ರೀತಿಯಿಂದಲೇ ಜಾಸ್ತಿ ಹಾಕುತ್ತಾರೆ. ಒಂದೊಂದು ಹೊತ್ತಿನದನ್ನು ಪೊಟ್ಟಣ ಕಟ್ಟಿಡಿ.

ಬೇಸಿಗೆಗೆ ನೀರಿನ ಮೇಲೆ ಬೀಸುವ ಚಿಕ್ಕ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ) ಬೇಕು, ಅದು ಟ್ಯಾಂಕಿಗಿಂತ ದುಬಾರಿ. ಪಂಪನ್ನು ಮನೆಯ ಇನ್ವರ್ಟರ್ ಲೈನಿಗೆ ಕೊಡಿ, ಹೀಟರ್ ಬೇಡ. ಬ್ಯಾಟರಿ ಏರ್ ಪಂಪ್ ಒಂದು ಕೈಯಲ್ಲಿರಲಿ. ಕರೆಂಟ್ ಹೋಗಿ ನೀರು ನಿಂತರೆ ಚಿಕ್ಕ ಟ್ಯಾಂಕ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟುತ್ತದೆ.

ಮೀನಿಗೆ ಇದು ಮನೆ ಅನ್ನಿಸಿದೆಯೋ ಇಲ್ಲವೋ ಅಂತ ಟೆಸ್ಟ್ ಕಿಟ್ ಹೇಳುವುದಿಲ್ಲ, ಮೀನನ್ನು ನೋಡಬೇಕು. ಗಾಜಿನುದ್ದಕ್ಕೂ ಮೇಲೆ ಕೆಳಗೆ ಒಂದೇ ಸಮನೆ ಈಜುತ್ತಿದ್ದರೆ, ನೀವು ಬಂದಾಗಲೆಲ್ಲ ಮಾಯವಾಗುತ್ತಿದ್ದರೆ ಏನೋ ಸರಿಯಿಲ್ಲ. ಕ್ಲೌನ್ ಜೋಡಿ ಒಂದು ಮೂಲೆ ಆರಿಸಿಕೊಂಡು ಬಾಯಿಂದ ಕಲ್ಲು ಉಜ್ಜಿ ಸ್ವಚ್ಛ ಮಾಡಲು ಶುರು ಮಾಡಿದರೆ ಸಂತೋಷಪಡಿ, ಮೊಟ್ಟೆ ಇಡುವ ಸಿದ್ಧತೆ ಅದು. ಗಂಡು ರೆಕ್ಕೆ ಬೀಸಿ ಮೊಟ್ಟೆಗೆ ಗಾಳಿ ಹಾಕುತ್ತಾ ಕೂರುತ್ತದೆ. ವಾರ, ಹತ್ತು ದಿನದಲ್ಲಿ ಕತ್ತಲಾದ ಮೇಲೆ ಮರಿ ಒಡೆಯುತ್ತವೆ. ಹೀಗಾದ ಮನೆಯವರು ಫೋನ್ ಮಾಡಿದರೆ ನಾನು ಅವತ್ತೇ ನೋಡಲು ಹೋಗುತ್ತೇನೆ.

ಇಟ್ಟುಕೊಳ್ಳಲು ಆಗದಿದ್ದರೆ

ಮನೆ ಬದಲಾಗುತ್ತದೆ, ಕೆಲಸ ಬದಲಾಗುತ್ತದೆ. ಅಥವಾ ಇದನ್ನು ಓದುವಾಗಲೇ ನಿಮ್ಮ ಎರಡಡಿ ಟ್ಯಾಂಕ್‌ನಲ್ಲಿ ಒಂದು ಟ್ಯಾಂಗ್ ಇರಬಹುದು. ಕಡಲಿಗೆ ಬಿಡಬೇಡಿ. ಇಂಡೋ-ಪೆಸಿಫಿಕ್‌ನ ಲಯನ್ ಫಿಶ್ ಅಮೆರಿಕದ ಫ್ಲೋರಿಡಾ ಕಡಲಿಗೆ ಸೇರಿದ್ದು ಅಕ್ವೇರಿಯಂಗಳಿಂದಲೇ ಅಂತ ಹೇಳುತ್ತಾರೆ, ಈಗ ಕೆರಿಬಿಯನ್ ಪೂರ್ತಿ ಹಬ್ಬಿ ಅಲ್ಲಿನ ಮೀನುಗಳನ್ನು ತಿನ್ನುತ್ತಿದೆ. ಕೆರೆಗೆ ಬಿಟ್ಟರೆ ಸಿಹಿನೀರಿನಲ್ಲಿ ಅದು ನರಳಿ ಸಾಯುತ್ತದೆ. ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ, ಕಾಸು ಕೇಳದೆ ಕೊಡಿ. ಸಾಗಿಸುವ ಹಿಂದಿನ ದಿನ ಆಹಾರ ಹಾಕಬೇಡಿ. ಜೋಡಿ ಪ್ಲಾಸ್ಟಿಕ್ ಚೀಲದಲ್ಲಿ ಮೂರರಲ್ಲೊಂದು ಭಾಗ ಅದೇ ಟ್ಯಾಂಕಿನ ನೀರು, ಉಳಿದದ್ದು ಗಾಳಿ. ಒಂದು ಚೀಲಕ್ಕೆ ಒಂದೇ ಮೀನು. ಥರ್ಮೊಕೋಲ್ ಡಬ್ಬದಲ್ಲಿ ಕತ್ತಲು ಮಾಡಿ ಇಡಿ, ಕತ್ತಲಲ್ಲಿ ಮೀನು ಗಾಬರಿಯಾಗುವುದಿಲ್ಲ. ಹೊಸ ಮನೆಯವರಿಗೆ ನಿಮ್ಮ ನೀರಿನ ಉಪ್ಪು ಎಷ್ಟು, ಮೀನು ಏನು ತಿನ್ನುತ್ತದೆ ಅಂತ ಒಂದು ಚೀಟಿ ಬರೆದು ಡಬ್ಬದ ಮೇಲೆ ಅಂಟಿಸಿ.